ಆಯ್ಕೆಯಾಗದ ಹುಡುಗನ ಪರವಾಗಿ ನಿಂತವರಿಗೆ

ನನ್ನ ಕಾದಂಬರಿಯ ಮೊದಲ ಮುದ್ರಣದ 1000 ಪ್ರತಿಗಳು ಮುಗಿದು, ಎರಡನೆಯ ಮುದ್ರಣ ಕಳೆದ ವಾರ ಕೈಸೇರಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿರುವ ಮೈಸೂರಿನ ಹುಡುಗಿಯೊಬ್ಬಳು ಹೊನ್ನಾವರದ ಅಜ್ಜಿಮನೆಗೆ ರಜೆಗೆಂದು ಬಂದು, ಇಬ್ಬರು ಹುಡುಗರ ಸ್ನೇಹದ ನಡುವೆ ತನ್ನ ಮನಸ್ಸು ಯಾವ ಕಡೆಗೆ ವಾಲುತ್ತಿದೆ ಎಂಬುದು ತಿಳಿಯದೆ ತೊಳಲಾಡುವ, ಆದರೆ ನಗುನಗುತ್ತಲೇ ಸಾಗುವ ಕಥೆ ಅದು. ಈ ವಯಸ್ಸಿನವರು ಕನ್ನಡದಲ್ಲಿ ಓದುವುದಿಲ್ಲ ಎಂಬ ಕಾರಣ ನೀಡಿ ಹಸ್ತಪ್ರತಿಯನ್ನು ಹಿಂದಿರುಗಿಸಿದವರಿದ್ದರು; ಎರಡು ವರ್ಷ ಅದು ನನ್ನ ಮೇಜಿನ ಖಾನೆಯಲ್ಲೇ ಉಳಿದಿತ್ತು. ಆ ಎರಡು ವರ್ಷಗಳಲ್ಲಿ ನನ್ನ ಕೈಬಿಡದವರನ್ನು ಇಂದು ಹೆಸರು ಹೇಳದೆಯೇ ನೆನೆಯುತ್ತೇನೆ, ಏಕೆಂದರೆ ಅವರಲ್ಲಿ ಯಾರೂ ಹೆಸರಿಗಾಗಿ ಈ ಕೆಲಸ ಮಾಡಿದವರಲ್ಲ.

ಮೊದಲ ನಮಸ್ಕಾರ ನನ್ನ ಅಮ್ಮನಿಗೆ. 1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ದಾರದಿಂದ ಹೊಲಿದಿಟ್ಟುಕೊಳ್ಳುತ್ತಿದ್ದ ತಲೆಮಾರಿನವರು ಅವರು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಅವರು ತರುತ್ತಿದ್ದ ಕಾದಂಬರಿಗಳನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಕದ್ದು ಓದುತ್ತಿದ್ದೆ. ಅವುಗಳ ನಾಯಕಿಯರು ಬಹುಪಾಲು ಮದುವೆಯ ವಯಸ್ಸಿನವರು. ಇತ್ತ ಮಕ್ಕಳ ಪುಸ್ತಕಗಳಲ್ಲಿ ಮಾತನಾಡುವ ಮೊಲ, ನರಿಗಳಿದ್ದವು. ನಡುವೆ ನಿಂತ ನನಗೆ ನನ್ನ ವಯಸ್ಸಿನ ಕಥೆ ಸಿಗಲಿಲ್ಲ ಎಂಬ ಹಂಬಲವೇ ಈ ಪುಸ್ತಕದ ಬೀಜ. ಅದನ್ನು ಅಮ್ಮನಿಗೆ ಹೇಳಿದಾಗ, "ಹಾಗಾದರೆ ನೀನೇ ಬರೆ" ಎಂದಷ್ಟೇ ಹೇಳಿ ಅವರು ಅಡುಗೆಮನೆಗೆ ಹೋದರು.

ಹೊನ್ನಾವರದ ಅತ್ತೆಗೆ ನಾನು ಋಣಿ. ಏಪ್ರಿಲ್ ಕೊನೆಯಲ್ಲಿ ಒಂದು ವಾರ ಅವರ ಮನೆಯಲ್ಲಿದ್ದು ಹಲಸಿನಕಾಯಿ ಹಪ್ಪಳ ಮಾಡುವುದನ್ನು ನೋಡಿದೆ. ಬೆಳೆದ ಕಾಯಿಯ ತೊಳೆಗಳನ್ನು ಬೇಯಿಸಿ, ಉಪ್ಪು, ಮೆಣಸು ಹಾಕಿ ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಒಣಗಿಸುವವರೆಗಿನ ಕೆಲಸದಲ್ಲಿ ಮನೆಯ ಮಕ್ಕಳ ಪಾಲಿಗೆ ಬರುವುದು ಎರಡೇ: ಕಾಗೆ ಓಡಿಸುವುದು ಮತ್ತು ಹಪ್ಪಳದ ಹಿಟ್ಟಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ತಿನ್ನುವುದು. ನನ್ನ ಮೂವರೂ ಮೊದಲ ಬಾರಿಗೆ ಒಟ್ಟಿಗೆ ಸೇರುವುದು ಆ ಹಪ್ಪಳದ ಚಾಪೆಯ ಸುತ್ತಲೇ. ಅವರನ್ನು ಮಹಡಿಗೆ ಹತ್ತಿಸಿದ ಕೀರ್ತಿ ಮಾತ್ರ ನನ್ನ ಅಕ್ಕನ ಮಗಳದು. ಕರಡಿನಲ್ಲಿ ನಾಯಕಿ ಪತ್ರ ಬರೆಯುತ್ತಿದ್ದಳು. ಅದನ್ನು ಓದಿದ ಅವಳು, "ಚಿಕ್ಕಮ್ಮ, ಅವಳು ಪತ್ರ ಬರೆಯುವುದಿಲ್ಲ. ಸ್ಟೇಟಸ್ ಹಾಕುತ್ತಾಳೆ, ಯಾರು ನೋಡಿದರು ಅಂತ ಹತ್ತು ಸಲ ತೆಗೆದು ನೋಡುತ್ತಾಳೆ" ಎಂದಳು. ಅಜ್ಜಿಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಹಡಿಯ ಒಂದು ಮೂಲೆಯಲ್ಲಿ ಮಾತ್ರ ಎಂದು ಬದಲಿಸಿದೊಡನೆ, ಹುಡುಗಿಗೆ ಕಾಗೆ ಕಾಯುವ ಕೆಲಸ ಇದ್ದಕ್ಕಿದ್ದಂತೆ ಬಹಳ ಪ್ರಿಯವಾಯಿತು.

ಶರಾವತಿಯಲ್ಲಿ ದೋಣಿ ನಡೆಸುವ ಹಿರಿಯರೊಬ್ಬರ ಉಪಕಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಳೆ ಸಮುದ್ರ ಸೇರುವ ಕಡೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಿರಿದಾದ ಕಾಲುವೆಗಳೊಳಗೆ ನೀರು ತುಂಬಿದಾಗ ದೋಣಿ ಸಲೀಸಾಗಿ ಹೋಗುತ್ತದೆ. ನಾಯಕಿಯೂ ದೋಣಿಯವರ ಮಗನೂ ಸತತವಾಗಿ ಮೂರು ದಿನ ಸಂಜೆ ಐದಕ್ಕೆ ತುಂಬಿದ ನೀರಿನಲ್ಲಿ ಅಲ್ಲಿಗೆ ಹೋಗಿಬರುವಂತೆ ನಾನು ಬರೆದಿದ್ದೆ. ಆ ಅಧ್ಯಾಯವನ್ನು ಓದಿ ಹೇಳಿದಾಗ ಅವರು, "ಹೊಳೆ ನಿಮ್ಮ ಗಡಿಯಾರ ನೋಡಿ ತುಂಬುವುದಿಲ್ಲ, ಅಮ್ಮ" ಎಂದು ಮೆಲ್ಲಗೆ ತಿದ್ದಿದರು. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಮೊದಲ ದಿನ ಐದಕ್ಕೆ ತುಂಬಿದ ಹೊಳೆ ಮೂರನೆಯ ದಿನ ತುಂಬುವುದು ಆರೂಮುಕ್ಕಾಲರ ಸುಮಾರಿಗೆ. ಹಾಗಿದ್ದರೆ ಮೂರನೆಯ ಸಂಜೆ ಅವರು ಮರಳುವಾಗ ಕತ್ತಲಾಗಿರಲೇಬೇಕು, ಅಜ್ಜಿ ಗಾಬರಿಯಾಗಿರಲೇಬೇಕು. ಕಥೆಯ ನಡುಭಾಗವೆಲ್ಲ ಅಲ್ಲಿಂದ ಹೊಸದಾಗಿ ಹುಟ್ಟಿತು.

ಅದು ಹುಟ್ಟಿದ್ದು ಸರಿಯಾದ ಹೊತ್ತಿನಲ್ಲಿ, ಏಕೆಂದರೆ ಆಗಲೇ ನನ್ನ ಸಂಪಾದಕಿ ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಪದ ಬರೆದು ಕಳುಹಿಸಿದ್ದರು: "ಇವನ ತಪ್ಪೇನು?" ಅವರು ಕೇಳಿದ್ದು ಎರಡನೆಯ ಹುಡುಗನ ಬಗ್ಗೆ. ಪಕ್ಕದ ಮನೆಗೆ ಬೆಂಗಳೂರಿನಿಂದ ರಜೆಗೆ ಬಂದ ಅವನನ್ನು ನಾನು ಜಂಬದವನನ್ನಾಗಿ, ಸಣ್ಣಪುಟ್ಟ ಸುಳ್ಳು ಹೇಳುವವನನ್ನಾಗಿ ಚಿತ್ರಿಸಿ, ನಾಯಕಿಯ ಆಯ್ಕೆಯನ್ನು ಸುಲಭ ಮಾಡಿಬಿಟ್ಟಿದ್ದೆ. ಇಬ್ಬರಲ್ಲಿ ಒಬ್ಬ ಕೆಟ್ಟವನಾದರೆ ಅದು ತ್ರಿಕೋನ ಪ್ರೇಮವಾಗುವುದಿಲ್ಲ, ಬರಿಯ ಎಚ್ಚರಿಕೆಯ ಪಾಠವಾಗುತ್ತದೆ ಎಂಬುದನ್ನು ಅವರು ಫೋನಿನಲ್ಲಿ ಒಂದು ಗಂಟೆ ತಾಳ್ಮೆಯಿಂದ ವಿವರಿಸಿದರು. ಆಮೇಲೆ ನಾನು 11 ಅಧ್ಯಾಯಗಳನ್ನು ಮೊದಲಿನಿಂದ ಬರೆದೆ. ಈಗಿನ ಪುಸ್ತಕದಲ್ಲಿ, ಆ ಕತ್ತಲ ಸಂಜೆ ಅಜ್ಜಿಗೆ ಧೈರ್ಯ ಹೇಳಿ, ಟಾರ್ಚ್ ಹಿಡಿದು ದೋಣಿಕಟ್ಟೆಯಲ್ಲಿ ನಿಂತಿರುವವನು ಅವನೇ. ದೋಣಿ ದಡಕ್ಕೆ ತಾಗಿದಾಗ ಒಂದು ಪ್ರಶ್ನೆಯನ್ನೂ ಕೇಳದೆ, ಹೆಜ್ಜೆ ಇಡುವ ಜಾಗಕ್ಕೆ ಬೆಳಕು ಬಿಡುತ್ತಾನೆ. ನಾನು ಬರೆದ ಪುಟಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಅದು, ಮತ್ತು ಅದರ ಅರ್ಧ ಪಾಲು ಆ ಪೆನ್ಸಿಲಿಗೆ ಸಲ್ಲಬೇಕು.

ಪ್ರಕಾಶಕರಿಗೆ, ಮುಖಪುಟದ ಕಲಾವಿದರಿಗೆ, ನಾಲ್ಕು ಸಲ ತಿದ್ದುಪಡಿ ತಂದರೂ ಬೇಸರಿಸದ ಡಿಟಿಪಿ ಸಹೋದರನಿಗೆ ಮನಃಪೂರ್ವಕ ವಂದನೆಗಳು. ಪುಸ್ತಕವನ್ನು ಮೊದಲು ತಾವು ಓದಿ, ನಂತರ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದ ಕನ್ನಡ ಶಿಕ್ಷಕರಿಗೂ, ಮಕ್ಕಳೊಂದಿಗೆ ಕುಳಿತು ಓದಿದ ತಂದೆತಾಯಿಗಳಿಗೂ ನನ್ನ ನಮಸ್ಕಾರ.

ಕೊನೆಯದಾಗಿ, ಒಂಬತ್ತನೆಯ ತರಗತಿಯ ಓದುಗಾರ್ತಿಯೊಬ್ಬಳು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ಪತ್ರದ ಬಗ್ಗೆ. ನಾಯಕಿ ದೋಣಿಯವರ ಮಗನನ್ನು ಇಷ್ಟಪಟ್ಟಿದ್ದಕ್ಕೆ ಅವಳ ಆಕ್ಷೇಪವಿರಲಿಲ್ಲ. ಅವಳ ನೋವು ಬೇರೆ: ದಿನವೂ ಕಾಗೆ ಓಡಿಸಿದ ಬೆಂಗಳೂರಿನ ಹುಡುಗ ಊರಿಗೆ ಹೊರಡುವಾಗ ಬರಿಗೈಯಲ್ಲಿ ಬಸ್ಸು ಹತ್ತುತ್ತಾನೆ, ಯಾವ ಅಜ್ಜಿ ತಾನೇ ಹಾಗೆ ಕಳುಹಿಸುತ್ತಾಳೆ? ಪತ್ರ ಓದಿದ ದಿನವೇ ಪ್ರಕಾಶಕರಿಗೆ ಫೋನ್ ಮಾಡಿದೆ. ಮುದ್ರಣಕ್ಕೆ ಹೋಗಲು ಎರಡು ದಿನವಷ್ಟೇ ಉಳಿದಿದ್ದರೂ ಅವರು ಒಪ್ಪಿದರು. ತಂಗೀ, ಹೊಸ ಪ್ರತಿಯೊಂದನ್ನು ನಿನ್ನ ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕೊನೆಯ ಅಧ್ಯಾಯ ತೆಗೆದು ನೋಡು. ಬಸ್ಸು ಹೊರಡುವ ಮುನ್ನ ಅಜ್ಜಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಓಡಿಬಂದು, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಐವತ್ತು ಹಪ್ಪಳಗಳನ್ನು ಕಿಟಕಿಯಿಂದ ಅವನ ಮಡಿಲಿಗೆ ಇಡುತ್ತಾಳೆ.