ಚಕ್ಮಾ ಜನರ ಅರ್ಜಿ ಎಲ್ಲಿ ನಿಂತಿದೆ?

ಮಾನ್ಯ ಸಂಪಾದಕರೇ,

ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ಅರುಣಾಚಲದ ಚಕ್ಮಾ, ಹಾಜೊಂಗ್ ಬುಡಕಟ್ಟು ಜನರನ್ನು ‘ನುಸುಳುಕೋರರು’ ಎನ್ನುವವರು ಕಾಪ್ತಾಯಿ ಅಣೆಕಟ್ಟನ್ನು ಮರೆಯುತ್ತಾರೆ. ಅಂದಿನ ಪೂರ್ವ ಪಾಕಿಸ್ತಾನದಲ್ಲಿ ಕರ್ಣಫುಲಿ ನದಿಗೆ ಕಟ್ಟಿ 1962ರಲ್ಲಿ ಮುಗಿಸಿದ ಈ ಅಣೆಕಟ್ಟು ಚಿತ್ತಗಾಂಗ್ ಬೆಟ್ಟಸೀಮೆಯ 54,000 ಎಕರೆ ಉಳುಮೆ ಭೂಮಿಯನ್ನು ನುಂಗಿತು. ರಂಗಮಾಟಿಯ ಚಕ್ಮಾ ರಾಜರ ಅರಮನೆಯೂ ಮುಳುಗಿತು. ಸುಮಾರು ಒಂದು ಲಕ್ಷ ಜನ ನೆಲೆ ಕಳೆದುಕೊಂಡರು. ಗಡಿ ದಾಟಿ ಬಂದವರನ್ನು 1964ರಿಂದ 1969ರ ನಡುವೆ ಅಂದಿನ ನೇಫಾದಲ್ಲಿ (ಇಂದಿನ ಅರುಣಾಚಲದಲ್ಲಿ) ನೆಲೆಗೊಳಿಸಿದ್ದು ಭಾರತ ಸರ್ಕಾರವೇ.

ತೊಡಕಿರುವುದು ಕಡತದ ದಾರಿಯಲ್ಲಿ. ನೋಂದಣಿ ಮೂಲಕ ಪೌರತ್ವ ಕೊಡುವುದು ಕೇಂದ್ರ. ಆದರೆ ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿ ಮೂಲಕ. ಅಲ್ಲೇ ಕೂತರೆ ದೆಹಲಿಯ ಪಾಲಿಗೆ ಅರ್ಜಿಯೇ ಇಲ್ಲ. ರವಾನಿಸಿ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತು. 2015ರಲ್ಲಿ ಪೌರತ್ವ ಇತ್ಯರ್ಥಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಆ ಗಡುವು ದಾಟಿ ವರ್ಷಗಳೇ ಉರುಳಿವೆ.

ಇಲ್ಲೇ ಹುಟ್ಟಿದವರದು ಬೇರೆ ಮಾತು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಜನಿಸಿದವರು ಹುಟ್ಟಿನಿಂದಲೇ ಪ್ರಜೆಗಳು, ಅರ್ಜಿಯ ಹಂಗಿಲ್ಲ. ಟಿಬೆಟನ್ ಮೂಲದವರೊಬ್ಬರ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2013ರಲ್ಲಿ ಇದನ್ನೇ ಎತ್ತಿಹಿಡಿದಿದೆ. ವಲಸೆ ಬಂದವರನ್ನೂ ಇಲ್ಲೇ ಹುಟ್ಟಿದವರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿಡುವುದನ್ನು ಜಿಲ್ಲಾ ಕಚೇರಿಗಳು ಮೊದಲು ನಿಲ್ಲಿಸಲಿ.

– ಒಬ್ಬ ಓದುಗ