ಯಾರ್ಕಿನಲ್ಲಿ ಗೇಟ್ ಅಂದರೆ ಬಾಗಿಲಲ್ಲ

ಪ್ರೀತಿಯ ಪುಟ್ಟಿ,

ಇಂಗ್ಲೆಂಡಿನ ಈ ಹಳೇ ಊರು ಯಾರ್ಕಿನಲ್ಲಿ ದಾರಿ ಕೇಳುವ ಮುಂಚೆ ಇದೊಂದು ತಲೆಯಲ್ಲಿರಲಿ. ಅಲ್ಲಿ ‘ಗೇಟ್’ ಅಂದರೆ ಬೀದಿ. 866ರಲ್ಲಿ ಕಡಲು ದಾಟಿ ಬಂದು ಊರು ಹಿಡಿದ ವೈಕಿಂಗರ ಮಾತಿನಲ್ಲಿ ಬೀದಿಗೆ ‘ಗಾಟಾ’ ಅನ್ನುತ್ತಿದ್ದರು, ಅದೇ ಉಳಿದುಬಂತು. ಕೋಟೆಯ ಬಾಗಿಲಿಗೆ ‘ಬಾರ್’ ಅನ್ನುತ್ತಾರೆ. ಮಿಕಲ್‌ಗೇಟ್ ಅಂದರೆ ದೊಡ್ಡಬೀದಿ, ಮಿಕಲ್‌ಗೇಟ್ ಬಾರ್ ಅದರ ತುದಿಯ ಹೆಬ್ಬಾಗಿಲು. ಗೆಳತಿಯರು ‘ಬಾರ್ ಹತ್ತಿರ ಸಿಗು’ ಅಂದರೆ ಹೆಂಡದಂಗಡಿ ಹುಡುಕಿಕೊಂಡು ಹೋಗಬೇಡ! ಕಾಪರ್‌ಗೇಟಿಗೂ ತಾಮ್ರಕ್ಕೂ ನಂಟಿಲ್ಲ, ಅದು ಮರದ ಬಟ್ಟಲು ಕಡೆಯುವವರ ಬೀದಿ. 1976ರಿಂದ 1981ರವರೆಗೆ ಅಲ್ಲಿ ಅಗೆದಾಗ, ಬಟ್ಟಲು ಕಡೆದ ಮೇಲೆ ಉಳಿದ ಮರದ ತಿರುಳುಗಳೇ ಮಣ್ಣಿನಿಂದ ಎದ್ದುಬಂದವು.

ಶ್ಯಾಂಬಲ್ಸ್ ಬೀದಿಗೆ ಬೆಳಿಗ್ಗೆ ಒಂಬತ್ತರೊಳಗೆ ಹೋಗು. ಹತ್ತೂವರೆ ಕಳೆದರೆ ಜಾತ್ರೆ, ಫೋಟೋ ತೆಗೆಯುವವರ ಬೆನ್ನಷ್ಟೇ ಕಾಣುತ್ತದೆ. ಅದು ಕಟುಕರ ಬೀದಿ. ಹೆಸರಿನ ಮೂಲ ಮಾಂಸ ಹರಡಿಡುವ ಹಲಗೆ. 1872ರಲ್ಲೂ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾಂಸದಂಗಡಿಗಳಿದ್ದವು. ಈಗ ಒಂದೂ ಇಲ್ಲ, ಆದರೆ ಕಸುಬಿನ ಗುರುತು ಬೀದಿಯ ಮೈಮೇಲೇ ಇದೆ. ಕಿಟಕಿಯ ಕೆಳಗಿನ ಅಗಲವಾದ ಹಲಗೆ ನೋಡು, ಮಾಂಸ ಇಡುತ್ತಿದ್ದದ್ದು ಅದರ ಮೇಲೆ. ಮೇಲೆ ಕಬ್ಬಿಣದ ಕೊಕ್ಕೆಗಳು. ಎರಡೂ ಬದಿಯ ಕಾಲುಹಾದಿ ಎತ್ತರವಾಗಿ, ನಡುವಿನ ಕಲ್ಲುಹಾಸು ತಗ್ಗಾಗಿರುವುದು ರಕ್ತ, ಕರುಳು ತೊಳೆದು ಹರಿಯಬಿಡಲಿಕ್ಕೆ. ಮೇಲಂತಸ್ತುಗಳು ಒಂದರ ತಲೆಗೆ ಒಂದು ಮುಟ್ಟುವಷ್ಟು ಬಾಗಿರುವುದರಿಂದ ಬಿಸಿಲು ಕೆಳಗಿಳಿಯುವುದಿಲ್ಲ, ಮಾಂಸ ಬೇಗ ಕೆಡುವುದಿಲ್ಲ. ಚೆಂದಕ್ಕೆಂದು ಯಾರೂ ಹಾಗೆ ಕಟ್ಟಲಿಲ್ಲ.

ಆ ಚಾಚನ್ನು ಒಂದು ನಿಮಿಷ ನಿಂತು ನೋಡು. ಮೇಲಿನ ನೆಲದ ಜಂತೆಗಳು ಕೆಳಗಿನ ಗೋಡೆ ದಾಟಿ ಹೊರಬರುತ್ತವೆ, ಮೇಲಿನ ಗೋಡೆ ಅವುಗಳ ತುದಿಯ ಮೇಲೆ ಕೂರುತ್ತದೆ. ತುದಿ ಭಾರಕ್ಕೆ ಕೆಳಗೆ ಒತ್ತಿದಾಗ ಕೋಣೆಯ ನಡುವೆ ಜಂತೆ ಜೋಲುವುದು ಕಡಿಮೆಯಾಗುತ್ತದೆ, ಏತದ ಲೆಕ್ಕ. ಓಕ್ ಒಣಗಿದರೆ ಉಳಿಗೆ ಬಗ್ಗುವುದಿಲ್ಲವೆಂದು ಹಸಿಮರವನ್ನೇ ಬಳಸುತ್ತಿದ್ದರು. ಒಂದು ಮರದ ನಾಲಗೆಯನ್ನು ಇನ್ನೊಂದರ ಸಂದಿಗೆ ತೂರಿಸಿ, ಎರಡರ ತೂತುಗಳನ್ನು ಬೇಕೆಂದೇ ಎಳ್ಳಷ್ಟು ಆಚೀಚೆ ಇಟ್ಟು, ಓಕ್ ಗೂಟ ಬಡಿಯುತ್ತಿದ್ದರು. ಗೂಟ ಒಳಗಿಳಿದಂತೆ ಕೀಲು ಬಿಗಿಯಾಗುತ್ತದೆ. ಆಮೇಲೆ ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ. ಇಡೀ ಮನೆ ಸೊಟ್ಟಗಾಗುತ್ತದೆ, ಬೀಳುವುದಿಲ್ಲ. ಸೊಟ್ಟ ಕಂಡು ಹೆದರಬೇಕಿಲ್ಲ. ಹೆದರಬೇಕಾದದ್ದು ಸಿಮೆಂಟಿಗೆ. ಕಂಬಗಳ ನಡುವೆ ಇರುವುದು ನಮ್ಮ ಹಳ್ಳಿಯ ತಡಿಕೆ ಗೋಡೆಯಂಥದ್ದೇ, ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು, ಮೇಲೆ ಸುಣ್ಣದ ಗಾರೆ. ಸುಣ್ಣ ನೀರು ಕುಡಿದರೂ ಉಸಿರಾಡುತ್ತದೆ. ಸಿಮೆಂಟ್ ಮೆತ್ತಿದರೆ ಕೂದಲೆಳೆಯಷ್ಟು ಬಿರುಕಲ್ಲಿ ಇಳಿದ ನೀರು ಹೊರಬರಲಾರದೆ ಬುಡದ ತೊಲೆಯನ್ನು ಕೊಳೆಸುತ್ತದೆ.

ಅದೇ ಬೀದಿಯ 35ನೇ ಮನೆಯಲ್ಲಿ ಮಾರ್ಗರೆಟ್ ಕ್ಲಿದರೋ ಅವರ ಪುಟ್ಟ ಗುಡಿಯಂಥ ಕೋಣೆಯಿದೆ. ಕಟುಕನ ಹೆಂಡತಿ, ಕ್ಯಾಥೊಲಿಕ್ ಪಾದ್ರಿಗಳಿಗೆ ಆಶ್ರಯ ಕೊಟ್ಟ ಆರೋಪಕ್ಕೆ ಉತ್ತರ ಹೇಳಲು ಒಪ್ಪದ್ದಕ್ಕೆ 1586ರ ಮಾರ್ಚ್ 25ರಂದು ಮೈಮೇಲೆ ಭಾರ ಹೇರುವ ಶಿಕ್ಷೆಯಲ್ಲಿ ಸತ್ತವಳು. ಅವಳು ಬಾಳಿದ್ದು ಎದುರು ಸಾಲಿನ ಮನೆಯಲ್ಲಿ ಅನ್ನುವ ಮಾತೇ ಈಗ ಬಲವಾಗಿದೆ. ಎರಡನ್ನೂ ನೋಡಿ ಬಾ.

ಬೀದಿಯ ಬೆನ್ನಿಗೇ ಶ್ಯಾಂಬಲ್ಸ್ ಮಾರ್ಕೆಟ್. ಹೆಸರು ಹಳೆಯದಾಗಿ ಕೇಳಿಸಿದರೂ ಜಾಗ ಹೊಸದು. ಕಳೆದ ಶತಮಾನದ ನಡುವಿನಲ್ಲಿ ಸಂದಿಗೊಂದಿ ಕೆಡವಿ ಮಾಡಿದ ನ್ಯೂಗೇಟ್ ಮಾರ್ಕೆಟಿಗೆ 2015ರ ಹೊತ್ತಿಗೆ ಇಟ್ಟ ಹೆಸರು. ಹಳೇ ಸಂತೆ ನೆರೆಯುತ್ತಿದ್ದದ್ದು ಪೇವ್‌ಮೆಂಟ್ ಅನ್ನುವ ಬೀದಿಯಲ್ಲಿ, ಮತ್ತೆ ಇಂದಿನ ಸೇಂಟ್ ಸ್ಯಾಂಪ್ಸನ್ಸ್ ಚೌಕದಲ್ಲಿ. ಆ ಚೌಕಕ್ಕೆ ಹಿಂದೆ ಗುರುವಾರದ ಸಂತೆಯೆಂದೇ ಹೆಸರು.

ತರಕಾರಿ ಬಟ್ಟಲಲ್ಲಿ ರಾಶಿ ಹಾಕಿ ಒಂದೇ ಬೆಲೆಗೆ ಕೊಡುತ್ತಿದ್ದರೆ ಅಡಿಯಲ್ಲಿರುವುದನ್ನು ನೋಡದೆ ಕೊಳ್ಳಬೇಡ. ಹೆಚ್ಚಿನಂಶ ಅದು ಪೂರ್ತಿ ಹಣ್ಣಾದ ಮಾಲು, ಅವತ್ತೇ ಅಡುಗೆಗೆ ಹಾಕಬೇಕು. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಬೆಲೆ ಇಳಿಯುವುದು ಅಲ್ಲೂ ಉಂಟು, ಆದರೆ ನಮ್ಮಲ್ಲಿಯ ಹಾಗೆ ಚೌಕಾಸಿ ಮಾಡಲು ಹೋಗಬೇಡ. ಮಳೆ ಬಂದ ದಿನ ಕಲ್ಲುಹಾಸು ಪಾಚಿ ಕಟ್ಟಿದ ಹಾಗೆ ಜಾರುತ್ತದೆ, ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕು.

ಜನವರಿಯಿಂದ ಮಾರ್ಚ್‌ವರೆಗೆ ರೂಬಾರ್ಬ್ ಅನ್ನುವ ಗುಲಾಬಿ ದಂಟು ಸಿಗುತ್ತದೆ. ಯಾರ್ಕ್‌ಷೈರಿನವರು ಅದನ್ನು ಕತ್ತಲ ಕೊಟ್ಟಿಗೆಯಲ್ಲಿ ಬೆಳೆಸಿ ಮೇಣದಬತ್ತಿ ಬೆಳಕಲ್ಲಿ ಕೀಳುತ್ತಾರೆ. ಎಲೆ ವಿಷ, ಕತ್ತರಿಸಿ ಬಿಸಾಡು. ದಂಟು ಹುಣಸೆಯಷ್ಟು ಹುಳಿ, ಗೊಜ್ಜಿಗೆ ಹೇಳಿಮಾಡಿಸಿದ್ದು. ನಾಲ್ಕು ದಂಟಿಗೆ ನಿಂಬೆಗಾತ್ರದ ಬೆಲ್ಲ ಸಾಕು, ಹುಣಸೆ ಹಾಕಬೇಡ. ಐದು ನಿಮಿಷಕ್ಕೇ ಕರಗಿ ಮುದ್ದೆಯಾಗುತ್ತದೆ, ಹೋಳು ಹೋಳಾಗಿ ಬೇಕಿದ್ದರೆ ಕೊನೆಗೆ ಹಾಕು.

ಅಮ್ಮ