ಆ ಜನವರಿಯ ಜ್ವರ, ಮಾಣಿಯ ಹಳದಿ ಕಾರ್ಡು

ಕಂಪಾಲ
ಉಗಾಂಡಾ
ಭಾನುವಾರ ರಾತ್ರಿ

ಆಯಿ, ಅಪ್ಪಯ್ಯ,

ನಾನು ಇಲ್ಲಿ ಆರಾಮ. ಮೊನ್ನೆ ಫೋನ್ ಅರ್ಧಕ್ಕೇ ಕಟ್ಟಾಯಿತು, ಆಮೇಲೆ ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಸಿಕ್ಕಿದ್ದರೂ ಈ ವಿಷಯ ಹೇಳೋಕೆ ನನಗೆ ಬಾಯಿ ಬರುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಯಿ, ನೀನು ಕೊನೆಗೆ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಮಾಣಿಗೆ ಬೆಂಗಳೂರಿಗೆಲ್ಲ ಓಡಾಡೋಕೆ ಎಲ್ಲಿ ಪುರಸೊತ್ತು, ದುಡ್ಡು ಕೊಟ್ಟರೆ ಯಾರೋ ಆ ಹಳದಿ ಕಾರ್ಡಿಗೆ ಸೀಲು ಹೊಡೆಸಿ ಕೊಡ್ತಾರಂತೆ" ಅಂದೆಯಲ್ಲ. ಮಾಣಿ ಇಲ್ಲಿಗೆ ನನ್ನ ಹತ್ತಿರ ಬರೋಕೆ ಬೇಕಾದ ಕಾರ್ಡು ಅದು, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವುದು. ಬೇಡ ಆಯಿ. ದಮ್ಮಯ್ಯ ಅಂತೀನಿ, ಅದೊಂದು ಬೇಡ.

ಯಾಕೆ ಬೇಡ ಅಂತ ಹೇಳುವ ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಇಷ್ಟು ದಿನ ನಿಮ್ಮಿಂದ ಮುಚ್ಚಿಟ್ಟಿದ್ದೆ.

2023ರ ಜನವರಿಯಲ್ಲಿ ನಾನು ಊರಿಗೆ ಬಂದಿದ್ದೆನಲ್ಲ, ಆವತ್ತು ಇಲ್ಲಿಂದ ಹೊರಡುವ ಬೆಳಿಗ್ಗೆಯೇ ನನಗೆ ಮೈ ಬಿಸಿ ಇತ್ತು. ಇಲ್ಲಿ ಆಗ ಎಬೋಲಾದ ಭಯ. ಸೆಪ್ಟೆಂಬರಿನಲ್ಲಿ ಶುರುವಾದದ್ದು ಮುಗಿಯಿತು ಅಂತ ಹೇಳಿದ್ದು ಜನವರಿ 11ಕ್ಕೆ, ನಾನು ಹೊರಟದ್ದು ಅದಕ್ಕೂ ಮೊದಲು. ಎಂಟೆಬೆ ಏರ್‌ಪೋರ್ಟಿನಲ್ಲಿ ಜ್ವರ ನೋಡುತ್ತಾರೆ, ಇದ್ದರೆ ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾರೆ, ವಿಮಾನ ತಪ್ಪುತ್ತದೆ, ಎರಡು ವರ್ಷದ ಮೇಲೆ ಸಿಕ್ಕಿದ ರಜೆ ಹಾಳಾಗುತ್ತದೆ ಅಂತೆಲ್ಲ ಯೋಚನೆ ಮಾಡಿ, ಟ್ಯಾಕ್ಸಿಯಲ್ಲೇ ಎರಡು ಪ್ಯಾರಾಸಿಟಮಾಲ್ ನುಂಗಿದೆ. ಬಾಗಿಲಲ್ಲಿ ಕೈ ತೊಳೆಯೋಕೆ ನಲ್ಲಿ ಇರುವ ಡ್ರಮ್ಮು ಇಟ್ಟಿದ್ದರು, ನೀರಿಗೆ ಕ್ಲೋರಿನ್ ವಾಸನೆ. ಬಿಳಿ ಕೋಟಿನ ಹೆಂಗಸು ಹಣೆಯ ಹತ್ತಿರ ಆ ಸಾಧನ ಹಿಡಿದಳು. ಕೈ ಒದ್ದೆ ಇತ್ತು, ಒರೆಸಿಕೊಳ್ಳದೆ ಹಾಗೇ ನಿಂತಿದ್ದೆ. 36.8 ಬಂತು. ಒಂದು ಕಾಗದ ಕೊಟ್ಟರು, 21 ದಿನದೊಳಗೆ ಜ್ವರ ಬಂದಿತ್ತಾ ಅಂತ ಅದರಲ್ಲಿ ಕೇಳಿದ್ದರು. ಇಲ್ಲ ಅಂತ ಬರೆದು ಸಹಿ ಹಾಕಿದೆ. ಅವಳು "ಸುಖವಾಗಿ ಹೋಗಿ ಬಾ" ಅಂದಳು. ಅವಳ ಮುಖ ನನಗೆ ಇನ್ನೂ ಕಾಣುತ್ತದೆ.

ಭಾರತದಲ್ಲಿ ಇಳಿದಾಗಲೂ ಹೀಗೇ. ಕ್ಯಾಮೆರಾದ ಮುಂದೆ ನಡೆದು ಬಂದೆ, ಏನೂ ಆಗಲಿಲ್ಲ. ಆ ಕ್ಯಾಮೆರಾ ನೋಡುವುದು ಮೈಯ ಬಿಸಿಯನ್ನು ಮಾತ್ರ. ಮಾತ್ರೆ ನುಂಗಿದವನೂ ದಾಟುತ್ತಾನೆ, ರೋಗ ಮೈಯೊಳಗಿದ್ದು ಇನ್ನೂ ಜ್ವರ ಏರದವನೂ ದಾಟುತ್ತಾನೆ. 2003ರಲ್ಲಿ ಸಾರ್ಸ್ ಬಂದಾಗ ಕೆನಡಾದ ಏರ್‌ಪೋರ್ಟುಗಳಲ್ಲಿ ಲಕ್ಷಗಟ್ಟಲೆ ಜನರನ್ನು ಹೀಗೆ ನೋಡಿದರಂತೆ, ಅದರಲ್ಲಿ ಒಬ್ಬ ರೋಗಿಯೂ ಸಿಗಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. ಬಂದ ಮಾರನೇ ದಿನ ಅಪ್ಪಯ್ಯನ ಜೊತೆ ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದೆ. ನಾಲ್ಕನೇ ದಿನ ನಡುಕ, ತಲೆನೋವು, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಜನವರಿ ಅಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ, ಎಲ್ಲರ ಲೆಕ್ಕ ಅಲ್ಲಿಗೇ ಹೋಯಿತು. ಅಪ್ಪಯ್ಯ, ನೀನೇ ಡಾಕ್ಟರಿಗೆ "ಬೆಟ್ಟಕ್ಕೆ ಕರಕೊಂಡು ಹೋಗಿದ್ದೆ, ಉಣುಗು ಕಚ್ಚಿರಬೇಕು" ಅಂದೆ. ನೀನು ಔಷಧಿ ತರೋಕೆ ಹೊರಗೆ ಹೋದಾಗ ಡಾಕ್ಟರು ನನ್ನ ಹತ್ತಿರ ಕೇಳಿದರು, ಜ್ವರ ಯಾವತ್ತಿನಿಂದ, ಎಲ್ಲಿಂದ ಬಂದಿದ್ದು ಅಂತ. ಇವತ್ತಿನಿಂದ ಅಂದೆ. ಬೆಂಗಳೂರಿನಿಂದ ಅಂದೆ. ಒಂದು ಸಲ ಸುಳ್ಳು ಬರೆದು ಸಹಿ ಹಾಕಿದವನಿಗೆ ಎರಡನೇ ಸಲ ಸುಳ್ಳು ಹೇಳೋದು ಎಷ್ಟು ಸಲೀಸು ನೋಡಿ.

ಮೂರು ದಿನ. ರಕ್ತ ಮಂಗನ ಕಾಯಿಲೆಯ ಪರೀಕ್ಷೆಗೆ ಹೋಯಿತು. ಆಯಿ ಮಾರಿಕಾಂಬೆಗೆ ಹರಕೆ ಹೊತ್ತಳು. ಅಪ್ಪಯ್ಯ ಊಟ ಬಿಟ್ಟ. ಮೂರನೇ ರಾತ್ರಿ, ನೀನು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಕೂತು, ನಾನು ಮಲಗಿದ್ದೇನೆ ಅಂದುಕೊಂಡು, "ನಾನೇ ಕರಕೊಂಡು ಹೋಗಿದ್ದು" ಅಂತ ಆಯಿಯ ಹತ್ತಿರ ಹೇಳುತ್ತಿದ್ದೆ. ನನಗೆ ಎಚ್ಚರವಿತ್ತು ಅಪ್ಪಯ್ಯ. ಬೆಳಗಾಗುತ್ತಲೇ ಡಾಕ್ಟರನ್ನು ಒಬ್ಬರನ್ನೇ ಕರೆದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಂದೇ ತಾಸಿನಲ್ಲಿ ಮಲೇರಿಯಾ ಅಂತ ಗೊತ್ತಾಯಿತು, ಅದೂ ಮೆದುಳಿಗೆ ಏರುವ ಜಾತಿಯದು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟ ಇತ್ತು ಅಂದರು. ನಿಮಗೆ ಮಲೇರಿಯಾ ಅಂತ ಮಾತ್ರ ಹೇಳಿದೆ, ಹೊರಡುವಾಗಲೇ ಜ್ವರವಿತ್ತು ಅಂತ ಹೇಳಲಿಲ್ಲ. ಬೆಟ್ಟಕ್ಕೂ ನಿನಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ ಅಪ್ಪಯ್ಯ.

ಮಲೇರಿಯಾ ಆದದ್ದಕ್ಕೆ ನನ್ನೊಬ್ಬನ ಮೈಮೇಲೆ ಹೋಯಿತು. ಹಳದಿ ಜ್ವರ ಆಗಿದ್ದರೆ?

ಅದನ್ನು ಹರಡುವುದೂ ಸೊಳ್ಳೆ. ಕಾಲಿಗೆ ಬಿಳಿ ಪಟ್ಟೆ ಇರುವ, ಹಗಲು ಕಚ್ಚುವ ಈಡಿಸ್, ಡೆಂಗ್ಯೂ ತರುವುದು ಇದೇ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಒಂದು ಬೊಗಸೆ ನೀರು ನಿಂತರೂ ಈ ಜಾತಿಯ ಸೊಳ್ಳೆ ಮರಿ ಮಾಡುತ್ತದೆ. ನಮ್ಮಲ್ಲಿ ಆ ಸೊಳ್ಳೆ ಇದೆ, ಕಾಡಿದೆ, ಮಂಗ ಇದೆ. ಆ ಕಾಯಿಲೆ ಮಾತ್ರ ಇಲ್ಲ, ಭಾರತದಲ್ಲಿ ಅದು ಇವತ್ತಿನವರೆಗೂ ಕಾಲಿಟ್ಟಿಲ್ಲ. ಬಂದರೆ ಅದಕ್ಕೇ ಅಂತ ಔಷಧಿಯೂ ಇಲ್ಲ. ಸೊಳ್ಳೆ ಕಚ್ಚಿ ಜ್ವರ ಕಾಣಿಸೋಕೆ ಮೂರರಿಂದ ಆರು ದಿನ ಬೇಕು. ಇಲ್ಲಿಂದ ಊರಿಗೆ ಬರೋಕೆ ಎರಡೇ ದಿನ ಸಾಕು. ಅದಕ್ಕೇ ಕಾರ್ಡು ಇಲ್ಲದವರನ್ನು ಏರ್‌ಪೋರ್ಟಿನಿಂದ ಮನೆಗೆ ಬಿಡದೆ ಆರು ದಿನದವರೆಗೆ ಇಟ್ಟುಕೊಳ್ಳುತ್ತಾರೆ.

ಅಪ್ಪಯ್ಯ, ನಿನಗೆ ಗೊತ್ತಿರಬಹುದು. 1957ರಲ್ಲಿ ಬನವಾಸಿಯಾಚೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬಿದ್ದು, ಜನಕ್ಕೂ ಜ್ವರ ಶುರುವಾದಾಗ, ಪುಣೆಯಿಂದ ಬಂದವರಿಗೆ ಮೊದಲು ಹುಟ್ಟಿದ ಭಯವೇ ಇದು, ಆಫ್ರಿಕಾದ ಹಳದಿ ಜ್ವರ ಬಂದುಬಿಟ್ಟಿತಾ ಅಂತ. ಅಲ್ಲ ಅಂತ ಗೊತ್ತಾಯಿತು, ಉಣುಗಿನಿಂದ ಬರುವ ಬೇರೆಯದೇ ವೈರಸ್, ನಮ್ಮ ಈ ಮಂಗನ ಕಾಯಿಲೆಯದು, ಸಿಕ್ಕಿತು. ಆದರೂ ಎರಡೂ ಒಂದೇ ಕುಟುಂಬದವು. ಇದನ್ನು ನಾನು ಇಲ್ಲಿಗೆ ಬಂದ ಮೇಲೆ ಓದಿದ್ದು. ಕಂಪಾಲದಿಂದ ಎಂಟೆಬೆಗೆ ಹೋಗುವ ದಾರಿಯಲ್ಲಿ ಜಿಕಾ ಅಂತ ಒಂದು ಕಾಡು ಇದೆ. ಎಂಟೆಬೆಯಲ್ಲಿ 1936ರಿಂದಲೇ ಹಳದಿ ಜ್ವರದ ಸಂಶೋಧನೆ ಇತ್ತು. ಅವರು ಆ ಕಾಡಿನಲ್ಲಿ ಪಂಜರದೊಳಗೆ ಒಂದು ರೀಸಸ್ ಮಂಗವನ್ನು ಕಾವಲಿಗೆ ಇಟ್ಟಿದ್ದರು, 1947ರಲ್ಲಿ ಅದಕ್ಕೆ ಜ್ವರ ಬಂತು, ರಕ್ತದಲ್ಲಿ ಜಿಕಾ ವೈರಸ್ ಸಿಕ್ಕಿತು. ಆ ಕಾಡಿನ ಪಕ್ಕ ಹಾದುಹೋಗುವಾಗಲೆಲ್ಲ ನನಗೆ ನಮ್ಮ ಸಿದ್ದಾಪುರದ ದಾರಿಯೇ ನೆನಪಾಗುತ್ತದೆ. ಮಂಗ ಸತ್ತಿದೆ ಅಂದರೆ ಕಾಡಿನಿಂದ ದರಕು, ಒಣ ಎಲೆ ತರೋಕೆ ಹೋಗೋಕೂ ಹೆದರುವ ಮನೆಗಳು ನಮ್ಮ ಕಡೆ ಎಷ್ಟಿವೆ. ಒಂದು ಕಾಯಿಲೆಯೇ ಅರವತ್ತು ವರ್ಷ ದಾಟಿದರೂ ಹೋಗಿಲ್ಲ. ಇನ್ನೊಂದನ್ನು ಸೀಲು ಹೊಡೆಸಿಕೊಂಡು ನಾವೇ ತರೋದಾ ಆಯಿ?

ಮಾಣಿಗೆ ಹೇಳು. ಇಂಜೆಕ್ಷನ್ ಸಿರ್ಸಿಯಲ್ಲಿ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಆಗಬೇಕು. ಬೆಂಗಳೂರಿಗೆ ಹೋಗುವ ಮೊದಲು ವಿಚಾರಿಸಿಕೊಂಡೇ ಹೋಗಲಿ. ಪಾಸ್‌ಪೋರ್ಟ್ ಜೊತೆಗಿರಲಿ. ಇಂಜೆಕ್ಷನ್ ಆಗಿ ಹತ್ತು ದಿನ ಕಳೆದ ಮೇಲೇ ಕಾರ್ಡಿಗೆ ಬೆಲೆ, ಹಾಗಾಗಿ ದೀಪಾವಳಿ ಮುಗಿಸಿ ಹೊರಡುವುದಾದರೆ ಹಬ್ಬಕ್ಕೂ ಮೊದಲೇ ಮಾಡಿಸಲಿ. ನನ್ನ ಜೊತೆ ಕೆಲಸ ಮಾಡುವ ಕುಮಟಾದ ಹುಡುಗ ಹಳೆಯ ಕಾರ್ಡು ಕಳೆದುಕೊಂಡು, ಇಲ್ಲೇ ಹೊಸದಾಗಿ ಚುಚ್ಚಿಸಿಕೊಂಡು, ನಾಲ್ಕೇ ದಿನಕ್ಕೆ ಹೋಗಿ ಇಳಿದ. ಕಾರ್ಡು ಅಸಲಿ, ಸೀಲು ಅಸಲಿ, ದಿನ ಮಾತ್ರ ಸಾಲಲಿಲ್ಲ. ಆರು ದಿನ ಇಟ್ಟುಕೊಂಡರು. ತಂಗಿಯ ಧಾರೆಯನ್ನು ಫೋನಿನಲ್ಲಿ ನೋಡಿದ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು, 2016ರಿಂದ ಹಾಗೆ ಮಾಡಿದ್ದಾರೆ. ಆ ಹಾಳೆ ಕಳೆಯದ ಹಾಗೆ ಇಟ್ಟುಕೊಂಡರಾಯಿತು.

ಇನ್ನೊಂದು. ಆ ಲಸಿಕೆ ಮಾಡುವುದು ಕೋಳಿ ಮೊಟ್ಟೆಯಲ್ಲಿ. ನಿನಗೆ ಬೇಜಾರಾಗುತ್ತದೆ ಅಂತ ಗೊತ್ತು, ಆದರೂ ಮುಚ್ಚಿಡಲ್ಲ. ಮಾಣಿ ಹುಟ್ಟಿದ ಮೇಲೆ ಮೊಟ್ಟೆ ಮುಟ್ಟಿಲ್ಲ, ಮೈಗೆ ಆಗುತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದನ್ನು ಅವನೇ ಡಾಕ್ಟರಿಗೆ ಬಾಯಿಬಿಟ್ಟು ಹೇಳಲಿ. ಅಪ್ಪಯ್ಯ, ನೀನೂ ಬರುತ್ತೇನೆ ಅಂತಿದ್ದೆ, ಅರವತ್ತು ದಾಟಿದವರಿಗೆ ಈ ಲಸಿಕೆ ಡಾಕ್ಟರು ನೋಡಿಯೇ ಕೊಡಬೇಕು. ಈ ಸಲ ಮಾಣಿಯೊಬ್ಬನೇ ಬರಲಿ.

ಕಾಗದ ಓದಿ ಸಿಟ್ಟು ಬಂದರೆ ಫೋನ್ ಮಾಡಿ ಬೈಯಿರಿ, ಕೇಳುತ್ತೇನೆ. ಹರಕೆ ತೀರಿಸಿದ್ದೀಯಾ ಆಯಿ? ಇಲ್ಲದಿದ್ದರೆ ಮುಂದಿನ ರಜೆಯಲ್ಲಿ ನಾನೇ ಬಂದು ತೀರಿಸುತ್ತೇನೆ. ಮಾಣಿ ಚುಚ್ಚಿಸಿಕೊಂಡ ದಿನವೇ ಕಾರ್ಡಿನ ಫೋಟೋ ಕಳಿಸಲಿ, ತಾರೀಕು ಕಾಣುವ ಹಾಗೆ.

ನಿಮ್ಮ ಮಗ